ಕಾರ್ಬನ್ ಡೈಆಕ್ಸೈಡ್ ಸರಿ, ಕ್ಯಾಲ್ಸಿಯಂ ಡೈಕ್ಲೋರೈಡ್ ಏಕೆ ತಪ್ಪು?

ಕಾರ್ಬನ್ ಡೈಆಕ್ಸೈಡಿನ ಒಂದು ಅಣುವಿನಲ್ಲಿ ಎರಡು ಆಕ್ಸಿಜನ್ ಇವೆ, ಅದಕ್ಕೇ ‘ಡೈ’. ಕ್ಯಾಲ್ಸಿಯಂ ಕ್ಲೋರೈಡಿನಲ್ಲೂ ಒಂದು ಕ್ಯಾಲ್ಸಿಯಂಗೆ ಎರಡು ಕ್ಲೋರಿನ್ ಇವೆ. ಆದರೂ ಅದನ್ನು ಕ್ಯಾಲ್ಸಿಯಂ ಡೈಕ್ಲೋರೈಡ್ ಎಂದು ಬರೆದರೆ ಮೇಷ್ಟ್ರು ಅಂಕ ಕೊಡುವುದಿಲ್ಲ. ಕಬ್ಬಿಣದ ಕ್ಲೋರೈಡಿನ ಕಥೆಯೇ ಬೇರೆ, ಅಲ್ಲಿ ಹೆಸರಿನ ನಡುವೆ ಬ್ರಾಕೆಟ್ಟಿನಲ್ಲಿ ರೋಮನ್ ಅಂಕಿ ಬಂದು ಕೂರುತ್ತದೆ. ಹೈಸ್ಕೂಲಿನಿಂದ ಪಿಯುಸಿವರೆಗೆ ಮಕ್ಕಳನ್ನು ಕಾಡುವ ಈ ಗೊಂದಲ, ಪಕ್ಕದಲ್ಲಿ ಕೂತು ಓದಿಸುವ ಅಪ್ಪ-ಅಮ್ಮಂದಿರನ್ನೂ ಬಿಡುವುದಿಲ್ಲ. ಶಾಲೆ ಬಿಟ್ಟ ಮೇಲೂ ಇದರಿಂದ ತಪ್ಪಿಸಿಕೊಳ್ಳಲಾಗದು. ಕಬ್ಬಿಣಾಂಶದ ಮಾತ್ರೆಯ ಮೇಲೆ ‘ಫೆರಸ್’, ಉಪ್ಪಿನ ಪ್ಯಾಕೆಟ್ಟಿನ ಮೇಲೆ ‘ಅಯೋಡೇಟ್’, ಬೋರ್‌ವೆಲ್ ನೀರಿನ ಪರೀಕ್ಷಾ ವರದಿಯಲ್ಲಿ ‘ನೈಟ್ರೇಟ್’, ಗೊಬ್ಬರದ ಚೀಲದ ಮೇಲೆ ‘ಡೈಅಮೋನಿಯಂ ಫಾಸ್ಫೇಟ್’.

ಒಂದೊಂದನ್ನೂ ಬೇರೆ ಬೇರೆ ನಿಯಮ ಎಂದುಕೊಂಡು ಬಾಯಿಪಾಠ ಮಾಡಿದರೆ ವಾರದೊಳಗೆ ಮರೆತುಹೋಗುತ್ತದೆ. ಎಲ್ಲದರ ಹಿಂದಿರುವ ತರ್ಕ ಒಂದೇ. ಓದುವವರು ತಾವೇ ಲೆಕ್ಕ ಹಾಕಿ ತಿಳಿಯಬಹುದಾದ ಸಂಖ್ಯೆಯನ್ನು ಹೆಸರಿನಲ್ಲಿ ಹೇಳುವುದಿಲ್ಲ. ಲೆಕ್ಕಕ್ಕೆ ಸಿಗದ ಸಂಖ್ಯೆಯನ್ನು ಹೇಳದೆ ಬಿಡುವುದಿಲ್ಲ. ಯಾವುದು ಲೆಕ್ಕಕ್ಕೆ ಸಿಗುತ್ತದೆ, ಯಾವುದು ಸಿಗುವುದಿಲ್ಲ ಎಂಬುದು ಸಂಯುಕ್ತ ಅಯಾನಿಕವೋ (ಎಲೆಕ್ಟ್ರಾನ್ ಕೊಟ್ಟು-ಪಡೆದು ಕಟ್ಟಿದ್ದು) ಸಹವೇಲೆನ್ಸಿಯದೋ (ಹಂಚಿಕೊಂಡು ಕಟ್ಟಿದ್ದು) ಎನ್ನುವುದರ ಮೇಲೆ ನಿಂತಿದೆ.

## ಎಲೆಕ್ಟ್ರಾನ್ ಕೊಡುವುದೋ, ಹಂಚಿಕೊಳ್ಳುವುದೋ

ಸೋಡಿಯಂ ಪರಮಾಣುವಿನಲ್ಲಿ 11 ಎಲೆಕ್ಟ್ರಾನುಗಳಿವೆ. ಒಳಕವಚದಲ್ಲಿ 2, ನಡುವೆ 8, ಹೊರಕವಚದಲ್ಲಿ ಒಂದೇ ಒಂದು. ಕ್ಲೋರಿನ್‌ನಲ್ಲಿ 17, ಜೋಡಣೆ 2, 8, 7. ಹೊರಕವಚದಲ್ಲಿ 8 ಎಲೆಕ್ಟ್ರಾನ್ ಇದ್ದರೆ ಪರಮಾಣುವಿಗೆ ಸ್ಥಿರತೆ. ಸೋಡಿಯಂ ತನ್ನ ಒಂಟಿ ಎಲೆಕ್ಟ್ರಾನನ್ನು ಬಿಟ್ಟುಕೊಟ್ಟರೆ ಕೆಳಗಿನ ತುಂಬಿದ ಕವಚವೇ ಹೊರಕವಚವಾಗುತ್ತದೆ. ಕ್ಲೋರಿನ್ ಅದನ್ನು ತೆಗೆದುಕೊಂಡರೆ ಅದರ ಎಂಟೂ ಭರ್ತಿ. ಎಲೆಕ್ಟ್ರಾನಿನದು ಋಣ ಆವೇಶ. ಹಾಗಾಗಿ ಕೊಟ್ಟ ಸೋಡಿಯಂ +1, ಪಡೆದ ಕ್ಲೋರಿನ್ −1 ಆಗುತ್ತದೆ. ಹೀಗೆ ಆವೇಶ ಹೊತ್ತ ಕಣವನ್ನು ಅಯಾನು ಎನ್ನುತ್ತಾರೆ. ಧನ ಅಯಾನು ಮತ್ತು ಋಣ ಅಯಾನು ಸೆಳೆದುಕೊಂಡು ಕಟ್ಟಿದ್ದು ಅಯಾನಿಕ ಸಂಯುಕ್ತ.

ಅಡುಗೆಮನೆಯ ಉಪ್ಪಿನ ಹರಳಿನಲ್ಲಿ ‘ಒಂದು ಸೋಡಿಯಂ, ಒಂದು ಕ್ಲೋರಿನ್’ ಎಂಬ ಪ್ರತ್ಯೇಕ ಜೋಡಿ ಇಲ್ಲವೇ ಇಲ್ಲ. ಪ್ರತಿ ಸೋಡಿಯಂ ಅಯಾನಿನ ಸುತ್ತ ಆರು ಕ್ಲೋರೈಡ್, ಪ್ರತಿ ಕ್ಲೋರೈಡಿನ ಸುತ್ತ ಆರು ಸೋಡಿಯಂ, ಹೀಗೇ ಹರಳು ಮುಗಿಯುವವರೆಗೆ. ಸೂತ್ರ ಹೇಳುವುದು ಅನುಪಾತವನ್ನು ಮಾತ್ರ. ಆ ಅನುಪಾತವನ್ನು ನಿರ್ಧರಿಸುವುದು ಆವೇಶ, ಏಕೆಂದರೆ ಒಟ್ಟು ಹರಳು ಆವೇಶರಹಿತವಾಗಿರಲೇಬೇಕು. ಕ್ಯಾಲ್ಸಿಯಂ ಎರಡು ಎಲೆಕ್ಟ್ರಾನ್ ಕೊಡುತ್ತದೆ, ಕ್ಲೋರಿನ್ ತೆಗೆದುಕೊಳ್ಳುವುದು ಒಂದನ್ನು. ಒಂದಕ್ಕೆ ಎರಡು ಬೇಕೇ ಬೇಕು, ಬೇರೆ ದಾರಿಯಿಲ್ಲ. ‘ಡೈ’ ಎಂದು ಹೇಳುವ ಅಗತ್ಯವೇ ಬರುವುದಿಲ್ಲ.

ಸಹವೇಲೆನ್ಸಿ ಬಂಧದಲ್ಲಿ ಯಾರೂ ಯಾರಿಗೂ ಕೊಡುವುದಿಲ್ಲ. ಎಲೆಕ್ಟ್ರಾನ್ ಜೋಡಿಯನ್ನು ಇಬ್ಬರೂ ಹಂಚಿಕೊಳ್ಳುತ್ತಾರೆ. ಅಣ್ಣತಮ್ಮಂದಿರ ತೋಟಗಳ ಬದುವಿನ ಮೇಲಿರುವ ಜಂಟಿ ಬಾವಿ ಎರಡೂ ತೋಟದ ಲೆಕ್ಕಕ್ಕೆ ಬರುವಂತೆ, ಹಂಚಿಕೊಂಡ ಜೋಡಿ ಎರಡೂ ಪರಮಾಣುಗಳ ಎಂಟರ ಲೆಕ್ಕಕ್ಕೆ ಸೇರುತ್ತದೆ. ಇಲ್ಲಿ ನಿಜಕ್ಕೂ ಬಿಡಿ ಬಿಡಿ ಅಣುಗಳಿರುತ್ತವೆ. ಆದರೆ ಹಂಚಿಕೆ ಹಲವು ರೀತಿಯಲ್ಲಿ ನಡೆಯಬಹುದು. ಒಂದು ಕಾರ್ಬನ್ ಒಂದು ಆಕ್ಸಿಜನ್ನಿನೊಂದಿಗೂ ಸೇರುತ್ತದೆ, ಎರಡರೊಂದಿಗೂ ಸೇರುತ್ತದೆ. ನೈಟ್ರೋಜನ್ ಮತ್ತು ಆಕ್ಸಿಜನ್ ಸೇರಿ ಆರಕ್ಕೆ ಕಡಿಮೆ ಇಲ್ಲದಷ್ಟು ಸಂಯುಕ್ತಗಳನ್ನು ಕಟ್ಟುತ್ತವೆ. ಬರೀ ‘ಕಾರ್ಬನ್ ಆಕ್ಸೈಡ್’ ಎಂದರೆ ಯಾವುದು ಎಂದು ತಿಳಿಯುವುದಿಲ್ಲ. ಸಂಖ್ಯೆಯನ್ನು ಬಾಯಿಬಿಟ್ಟು ಹೇಳಲೇಬೇಕು.

## ಯಾವ ಗುಂಪು ಎಂದು ಗುರುತಿಸುವುದು

ಸೂತ್ರ ಕೈಗೆ ಬಂದಾಗ ಮೊದಲು ನೋಡಬೇಕಾದದ್ದು ಮೊದಲ ಧಾತುವನ್ನು. ಅದು ಲೋಹವಾಗಿದ್ದರೆ ಹೆಸರಿಡುವ ಮಟ್ಟಿಗೆ ಸಂಯುಕ್ತ ಅಯಾನಿಕ. ಎರಡೂ ಅಲೋಹಗಳಾಗಿದ್ದರೆ ಸಹವೇಲೆನ್ಸಿ. ಆವರ್ತ ಕೋಷ್ಟಕದ ಬಲಭಾಗದಲ್ಲಿ ಬೋರಾನ್‌ನಿಂದ ಕೆಳಗಿಳಿಯುವ ಮೆಟ್ಟಿಲುಗೆರೆ ಇರುತ್ತದೆ. ಅದರ ಎಡಕ್ಕಿರುವವು ಲೋಹಗಳು, ಬಲಕ್ಕಿರುವವು ಅಲೋಹಗಳು. ಎಡತುದಿಯ ನೆತ್ತಿಯ ಮೇಲೆ ಕೂತ ಹೈಡ್ರೋಜನ್ ಮಾತ್ರ ಜಾಗ ನೋಡಿ ಮೋಸಹೋಗುವಂಥದ್ದು. ಅದು ಅಲೋಹ.

ಇನ್ನೊಂದು ಅಪವಾದವನ್ನು ಈಗಲೇ ಗುರುತು ಮಾಡಿಕೊಳ್ಳಬೇಕು: ಅಮೋನಿಯಂ. ಒಂದು ನೈಟ್ರೋಜನ್, ನಾಲ್ಕು ಹೈಡ್ರೋಜನ್ ಸೇರಿದ ಈ ಗುಂಪಿನಲ್ಲಿ ಲೋಹದ ಸುಳಿವೇ ಇಲ್ಲ, ಆದರೂ ಒಟ್ಟಾಗಿ +1 ಆವೇಶ ಹೊತ್ತು ಸೋಡಿಯಂನಂತೆಯೇ ವರ್ತಿಸುತ್ತದೆ. ಕಲಾಯಿ ಹಾಕುವವರು ಬಳಸುವ ನವಸಾಗರ, ಅಂದರೆ ಅಮೋನಿಯಂ ಕ್ಲೋರೈಡ್, ಬರೀ ಅಲೋಹಗಳಿಂದ ಆಗಿದ್ದರೂ ಅಯಾನಿಕ. ‘ಲೋಹ ಕಾಣಿಸಲಿಲ್ಲ, ಆದ್ದರಿಂದ ಸಹವೇಲೆನ್ಸಿ’ ಎಂದು ಬರೆದು ಅಂಕ ಕಳೆದುಕೊಳ್ಳುವುದು ಹೆಚ್ಚಾಗಿ ಇಲ್ಲೇ.

## ಆವೇಶ ಬದಲಾಗದ ಲೋಹಗಳು: ಸುಲಭದ ಭಾಗ

ಸೋಡಿಯಂ, ಪೊಟ್ಯಾಸಿಯಂ ಇರುವ ಮೊದಲ ಗುಂಪಿನ ಲೋಹಗಳು ಸಂಯುಕ್ತಗಳಲ್ಲಿ +1. ಮೆಗ್ನೀಷಿಯಂ, ಕ್ಯಾಲ್ಸಿಯಂ, ಬೇರಿಯಂ ಇರುವ ಎರಡನೇ ಗುಂಪು +2. ಅಲ್ಯೂಮಿನಿಯಂ +3. ಇವುಗಳ ಜೊತೆಗೆ ಸತು +2, ಬೆಳ್ಳಿ +1 ಎಂದು ನೆನಪಿಟ್ಟರೆ ಸಾಕು. ಲೋಹದ ಹೆಸರನ್ನು ಇದ್ದಂತೆ ಬರೆದು, ಅಲೋಹದ ಹೆಸರಿನ ಬಾಲ ಕತ್ತರಿಸಿ ‘ಐಡ್’ ಸೇರಿಸಬೇಕು. ಕ್ಲೋರಿನ್ ಕ್ಲೋರೈಡ್ ಆಗುತ್ತದೆ, ಆಕ್ಸಿಜನ್ ಆಕ್ಸೈಡ್, ಸಲ್ಫರ್ ಸಲ್ಫೈಡ್, ನೈಟ್ರೋಜನ್ ನೈಟ್ರೈಡ್. ಸಂಖ್ಯೆ ಬೇಡ.

ಹೆಸರಿನಿಂದ ಸೂತ್ರಕ್ಕೆ ಹೋಗುವಾಗ ಆವೇಶದ ಅಂಕಿಗಳನ್ನು ಅಡ್ಡ ಬದಲಿಸುವ ಉಪಾಯವನ್ನು ಎಲ್ಲ ಶಾಲೆಗಳಲ್ಲೂ ಹೇಳಿಕೊಡುತ್ತಾರೆ. ಅಲ್ಯೂಮಿನಿಯಂ +3, ಆಕ್ಸೈಡ್ −2. ಅಂಕಿ ಅದಲುಬದಲಾದರೆ ಎರಡು ಅಲ್ಯೂಮಿನಿಯಂ, ಮೂರು ಆಕ್ಸಿಜನ್. ಆರು ಧನ, ಆರು ಋಣ, ಲೆಕ್ಕ ಸರಿಹೋಯಿತು. ಮೆಗ್ನೀಷಿಯಂ ಆಕ್ಸೈಡಿಗೆ ಇದನ್ನೇ ಮಾಡಿದರೆ ಎರಡು ಮೆಗ್ನೀಷಿಯಂ, ಎರಡು ಆಕ್ಸಿಜನ್ ಬರುತ್ತದೆ. ಅದನ್ನು ಭಾಗಿಸಿ ಒಂದಕ್ಕೊಂದು ಎಂದು ಬರೆಯಬೇಕು. ಈ ಕೊನೆಯ ಹೆಜ್ಜೆ ಮರೆಯುವವರೇ ಹೆಚ್ಚು.

## ಒಂದೇ ಲೋಹ, ಎರಡು ಆವೇಶ

ಕಬ್ಬಿಣ ಕೆಲವೆಡೆ ಎರಡು ಎಲೆಕ್ಟ್ರಾನ್ ಕೊಡುತ್ತದೆ, ಕೆಲವೆಡೆ ಮೂರು. ತಾಮ್ರ ಒಂದು ಅಥವಾ ಎರಡು. ತವರ ಮತ್ತು ಸೀಸ ಎರಡು ಅಥವಾ ನಾಲ್ಕು. ಹೀಗಿರುವಾಗ ‘ಐರನ್ ಕ್ಲೋರೈಡ್’ ಎಂದಷ್ಟೇ ಹೇಳಿದರೆ ಲೆಕ್ಕ ಹಾಕಲು ಆಧಾರವೇ ಇಲ್ಲ. ಅದಕ್ಕಾಗಿ ಲೋಹದ ಆವೇಶವನ್ನು ಬ್ರಾಕೆಟ್ಟಿನಲ್ಲಿ ರೋಮನ್ ಅಂಕಿಯಾಗಿ ಬರೆಯುತ್ತಾರೆ. ಜರ್ಮನಿಯ ರಸಾಯನಶಾಸ್ತ್ರಜ್ಞ ಆಲ್ಫ್ರೆಡ್ ಸ್ಟಾಕ್ 1919ರಲ್ಲಿ ಸೂಚಿಸಿದ ಪದ್ಧತಿ ಇದು. ಓದಲು ಸಲೀಸಾಗಲೆಂದು ಈ ಲೇಖನದಲ್ಲಿ ರೋಮನ್ನಿನ ಜಾಗದಲ್ಲಿ ಮಾಮೂಲಿ ಅಂಕಿ ಹಾಕಿದೆ. ಉತ್ತರಪತ್ರಿಕೆಯಲ್ಲಿ ರೋಮನ್ನೇ ಬರೆಯಬೇಕು.

ಆ ಅಂಕಿ ಪರಮಾಣುಗಳ ಸಂಖ್ಯೆಯಲ್ಲ, ಆವೇಶ. ಎರಡು ಕಬ್ಬಿಣ, ಮೂರು ಆಕ್ಸಿಜನ್ ಇರುವ ಆಕ್ಸೈಡನ್ನು ತೆಗೆದುಕೊಳ್ಳಿ. ಯಾವಾಗಲೂ ಋಣ ಅಯಾನಿನಿಂದ ಶುರು ಮಾಡಬೇಕು, ಏಕೆಂದರೆ ಅದರ ಆವೇಶ ನಮಗೆ ಖಚಿತವಾಗಿ ಗೊತ್ತು. ಮೂರು ಆಕ್ಸೈಡಿಗೆ ತಲಾ −2, ಒಟ್ಟು −6. ಇದನ್ನು ಸರಿದೂಗಿಸಲು ಎರಡು ಕಬ್ಬಿಣ ಸೇರಿ +6 ಕೊಡಬೇಕು, ಅಂದರೆ ತಲಾ +3. ಹೆಸರು ಐರನ್ (3) ಆಕ್ಸೈಡ್. ಎರಡು ಕಬ್ಬಿಣ ಕಂಡಿತೆಂದು (2) ಎಂದು ಬರೆದರೆ ತಪ್ಪು. ಸೂತ್ರದ ಅಂಕಿಯನ್ನು ಹಿಂದಕ್ಕೆ ಅಡ್ಡ ಬದಲಿಸಿ ಆವೇಶ ಕಂಡುಹಿಡಿಯುವುದೂ ಅಪಾಯದ ದಾರಿ. ಒಂದು ಸೀಸ, ಎರಡು ಆಕ್ಸಿಜನ್ ಇರುವ ಆಕ್ಸೈಡಿನಲ್ಲಿ ಹಾಗೆ ಮಾಡಿದರೆ ಸೀಸ +2, ಆಕ್ಸಿಜನ್ −1 ಎಂಬ ವಿಚಿತ್ರ ಉತ್ತರ ಬರುತ್ತದೆ. ಸರಿಯಾದ ಲೆಕ್ಕ: ಎರಡು ಸಲ −2, ಒಟ್ಟು −4, ಆದ್ದರಿಂದ ಲೆಡ್ (4) ಆಕ್ಸೈಡ್. ಸೂತ್ರ ಬರೆಯುವಾಗ ಅದನ್ನು ಭಾಗಿಸಿ ಚಿಕ್ಕದು ಮಾಡಿರುವುದರಿಂದ ಹಿಂದಕ್ಕೆ ಹೋಗುವ ದಾರಿ ಮುಚ್ಚಿಹೋಗಿದೆ.

ನಮ್ಮ ನೆಲದಲ್ಲೇ ಇದಕ್ಕೆ ಚಂದದ ಉದಾಹರಣೆ ಇದೆ. ಬಳ್ಳಾರಿ-ಸಂಡೂರಿನ ಅದಿರು ಹೆಮಟೈಟ್, ಅಂದರೆ ಐರನ್ (3) ಆಕ್ಸೈಡ್. ಕುದುರೆಮುಖದಲ್ಲಿ ತೆಗೆಯುತ್ತಿದ್ದದ್ದು ಮ್ಯಾಗ್ನಟೈಟ್. ಅದರಲ್ಲಿ ಮೂರು ಕಬ್ಬಿಣಕ್ಕೆ ನಾಲ್ಕು ಆಕ್ಸಿಜನ್. ಒಟ್ಟು −8ನ್ನು ಮೂರರಿಂದ ಭಾಗಿಸಿದರೆ ಪೂರ್ಣಾಂಕ ಬರುವುದಿಲ್ಲ. ಲೆಕ್ಕ ತಪ್ಪಲ್ಲ, ಆ ಮೂರರಲ್ಲಿ ಎರಡು ಕಬ್ಬಿಣ +3, ಒಂದು +2. ಹಾಗಾಗಿ ಅದರ ಹೆಸರು ಐರನ್ (2,3) ಆಕ್ಸೈಡ್. ಭಾಗಾಕಾರ ಸರಿಹೋಗದಿದ್ದರೆ ಒಂದೇ ಲೋಹ ಎರಡು ಆವೇಶದಲ್ಲಿ ಕೂತಿದೆಯೇ ಎಂದು ನೋಡಬೇಕು.

ಹಳೆಯ ಪದ್ಧತಿಯಲ್ಲಿ ಕಡಿಮೆ ಆವೇಶಕ್ಕೆ ‘ಅಸ್’, ಹೆಚ್ಚಿನದಕ್ಕೆ ‘ಇಕ್’: ಫೆರಸ್-ಫೆರಿಕ್, ಕ್ಯೂಪ್ರಸ್-ಕ್ಯೂಪ್ರಿಕ್, ಸ್ಟ್ಯಾನಸ್-ಸ್ಟ್ಯಾನಿಕ್. ಇದರ ದೋಷವೆಂದರೆ ಎಷ್ಟು ಎಂದು ಹೇಳುವುದಿಲ್ಲ. ಫೆರಸ್ ಎಂದರೆ +2, ಕ್ಯೂಪ್ರಸ್ ಎಂದರೆ +1. ಆದರೂ ಔಷಧ ಅಂಗಡಿಯಲ್ಲಿ ಹಳೆಯ ಹೆಸರೇ ಗಟ್ಟಿಯಾಗಿ ಕೂತಿದೆ. ಫೆರಸ್ ಸಲ್ಫೇಟ್, ಫೆರಸ್ ಫ್ಯೂಮರೇಟ್, ಫೆರಸ್ ಆಸ್ಕಾರ್ಬೇಟ್ ಎಲ್ಲವೂ +2 ಕಬ್ಬಿಣದ ಲವಣಗಳು. ಕರುಳು ಸುಲಭವಾಗಿ ಹೀರಿಕೊಳ್ಳುವುದು ಫೆರಸ್ ರೂಪವನ್ನು. ಫೆರಿಕ್ ರೂಪ ಮೊದಲು ಫೆರಸ್ ಆಗಬೇಕು. ಮಾತ್ರೆಯ ಜೊತೆ ವಿಟಮಿನ್ ಸಿ ಕೊಡುವುದರ ಹಿಂದೆ ಇರುವುದೂ ಇದೇ ಬದಲಾವಣೆ.

ಸ್ಟ್ರಿಪ್ಪಿನ ಮೇಲೆ ಎರಡು ತೂಕ ಕಂಡರೆ ಗಾಬರಿ ಬೇಡ. ಏಳು ನೀರಿನ ಅಣು ಸೇರಿದ ಫೆರಸ್ ಸಲ್ಫೇಟಿನ ಸೂತ್ರತೂಕ ಸುಮಾರು 278, ಅದರಲ್ಲಿ ಕಬ್ಬಿಣದ ಪಾಲು 56. ಅಂದರೆ 300 ಮಿಲಿಗ್ರಾಂ ಲವಣದಲ್ಲಿ ಕಬ್ಬಿಣ 60 ಮಿಲಿಗ್ರಾಂ ಮಾತ್ರ. ‘ಎಲಿಮೆಂಟಲ್ ಐರನ್’ ಎಂದು ಬರೆದಿರುವುದು ಈ ಎರಡನೆಯ ಸಂಖ್ಯೆ. ಎರಡು ಬ್ರ್ಯಾಂಡುಗಳನ್ನು ಹೋಲಿಸುವುದಿದ್ದರೆ ಹೋಲಿಸಬೇಕಾದದ್ದೂ ಅದನ್ನೇ.

## ಆಕ್ಸಿಜನ್ ಹೊತ್ತ ಅಯಾನುಗಳು: ‘ಏಟ್’, ‘ಐಟ್’, ‘ಐಡ್’

ಕೆಲವು ಅಯಾನುಗಳು ಒಂಟಿ ಪರಮಾಣುಗಳಲ್ಲ, ಗುಂಪು. ಗುಂಪಿನೊಳಗೆ ಸಹವೇಲೆನ್ಸಿ ಬಂಧ, ಹೊರಗಿನವರ ಜೊತೆ ಅಯಾನಿಕ ಬಂಧ. ಸುಣ್ಣದ ಸಂಯುಕ್ತಗಳಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಸುಟ್ಟ ಸುಣ್ಣ ಕ್ಯಾಲ್ಸಿಯಂ ಆಕ್ಸೈಡ್. ನೀರು ಹಾಕಿ ಅರಳಿಸಿದರೆ ಕ್ಯಾಲ್ಸಿಯಂ ಹೈಡ್ರಾಕ್ಸೈಡ್. ಇಲ್ಲಿ −1 ಆವೇಶದ ಹೈಡ್ರಾಕ್ಸೈಡ್ ಗುಂಪು ಎರಡು ಸಲ ಬರುತ್ತದೆ, ಆದರೂ ‘ಡೈ’ ಇಲ್ಲ. ಗೋಡೆಗೆ ಬಳಿದ ಸುಣ್ಣ ಗಾಳಿಯಲ್ಲಿ ಗಟ್ಟಿಯಾದಾಗ ಕ್ಯಾಲ್ಸಿಯಂ ಕಾರ್ಬನೇಟ್.

ಕಷ್ಟದ ಮಾತು ಏನೆಂದರೆ, ಹೆಸರಿನ ಬಾಲ ನೋಡಿ ಆಕ್ಸಿಜನ್ ಎಷ್ಟು ಎಂದು ಹೇಳಲು ಬರುವುದಿಲ್ಲ. ಸಲ್ಫೇಟಿನಲ್ಲಿ ನಾಲ್ಕು, ನೈಟ್ರೇಟಿನಲ್ಲಿ ಮೂರು, ಕಾರ್ಬನೇಟಿನಲ್ಲಿ ಮೂರು, ಫಾಸ್ಫೇಟಿನಲ್ಲಿ ನಾಲ್ಕು. ಇವನ್ನು ಆವೇಶದ ಸಮೇತ ಕಲಿಯಲೇಬೇಕು: ನೈಟ್ರೇಟ್ −1, ಸಲ್ಫೇಟ್ ಮತ್ತು ಕಾರ್ಬನೇಟ್ −2, ಫಾಸ್ಫೇಟ್ −3. ಇಡೀ ಪಾಠದಲ್ಲಿ ಬಾಯಿಪಾಠ ತಪ್ಪಿಸಲಾಗದ ಜಾಗ ಇದೊಂದೇ. ಅದಾದ ಮೇಲೆ ಮಿಕ್ಕದ್ದು ತಾನಾಗಿ ಬರುತ್ತದೆ. ‘ಏಟ್’ಗಿಂತ ಒಂದು ಆಕ್ಸಿಜನ್ ಕಡಿಮೆಯಾದರೆ ‘ಐಟ್’, ಆವೇಶ ಅದೇ. ಸಲ್ಫೇಟಿಗೆ ಸಲ್ಫೈಟ್, ನೈಟ್ರೇಟಿಗೆ ನೈಟ್ರೈಟ್. ಆಕ್ಸಿಜನ್ನೇ ಇಲ್ಲದ್ದು ‘ಐಡ್’ (ಆಕ್ಸೈಡ್, ಹೈಡ್ರಾಕ್ಸೈಡ್ ಇದಕ್ಕೆ ಅಪವಾದ). ಕ್ಲೋರಿನ್ನಿನ ಸಾಲು ಇನ್ನೂ ಉದ್ದ: ಪರ್‌ಕ್ಲೋರೇಟಿನಲ್ಲಿ ನಾಲ್ಕು ಆಕ್ಸಿಜನ್, ಕ್ಲೋರೇಟಿನಲ್ಲಿ ಮೂರು, ಕ್ಲೋರೈಟಿನಲ್ಲಿ ಎರಡು, ಹೈಪೋಕ್ಲೋರೈಟಿನಲ್ಲಿ ಒಂದು, ಕ್ಲೋರೈಡಿನಲ್ಲಿ ಸೊನ್ನೆ. ಊಟದ ಉಪ್ಪು ಸೋಡಿಯಂ ಕ್ಲೋರೈಡ್. ನೆಲ ಒರೆಸುವ ಬ್ಲೀಚ್ ಸೋಡಿಯಂ ಹೈಪೋಕ್ಲೋರೈಟ್. ಒಂದು ಆಕ್ಸಿಜನ್ನಿನ ವ್ಯತ್ಯಾಸ ಅಷ್ಟು ದೊಡ್ಡದು.

ಉಪ್ಪಿನ ಪ್ಯಾಕೆಟ್ಟಿನ ‘ಅಯೋಡೇಟ್’ ಕೂಡ ಅಚ್ಚಿನ ತಪ್ಪಲ್ಲ. ನಮ್ಮ ದೇಶದಲ್ಲಿ ಉಪ್ಪಿಗೆ ಸೇರಿಸುವುದು ಪೊಟ್ಯಾಸಿಯಂ ಅಯೋಡೈಡನ್ನಲ್ಲ, ಪೊಟ್ಯಾಸಿಯಂ ಅಯೋಡೇಟನ್ನು. ಬಿಸಿಲು, ತೇವ ಎರಡೂ ಇರುವ ಹವೆಯಲ್ಲಿ ಅಯೋಡೈಡ್ ಗಾಳಿಯ ಆಕ್ಸಿಜನ್ ತೆಗೆದುಕೊಂಡು ಅಯೋಡಿನ್ ಆಗಿ ಆವಿಯಾಗುತ್ತದೆ. ಅಯೋಡೇಟಿನಲ್ಲಿ ಆಗಲೇ ಮೂರು ಆಕ್ಸಿಜನ್ ಇರುವುದರಿಂದ ಅದು ಹೆಚ್ಚು ಕಾಲ ಉಳಿಯುತ್ತದೆ.

ನೀರಿನ ವರದಿಯಲ್ಲಿ ಎಚ್ಚರ ಬೇಕಾದ ಜೋಡಿ ನೈಟ್ರೇಟ್ ಮತ್ತು ನೈಟ್ರೈಟ್. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ನೈಟ್ರೇಟಿನ ಮಿತಿ ಲೀಟರಿಗೆ 45 ಮಿಲಿಗ್ರಾಂ. ಕೆಲವು ಪ್ರಯೋಗಾಲಯಗಳು ‘ನೈಟ್ರೇಟ್-ನೈಟ್ರೋಜನ್’ ಎಂದು ನೈಟ್ರೋಜನ್ನಿನ ಪಾಲನ್ನಷ್ಟೇ ಕೊಡುತ್ತವೆ. ನೈಟ್ರೇಟಿನ ತೂಕ 62, ಅದರಲ್ಲಿ ನೈಟ್ರೋಜನ್ 14. ಹಾಗಾಗಿ ಆ ಲೆಕ್ಕದಲ್ಲಿ ಮಿತಿ ಸುಮಾರು 10. ವರದಿಯಲ್ಲಿ ‘ನೈಟ್ರೇಟ್-ನೈಟ್ರೋಜನ್ 20’ ಎಂದಿದ್ದರೆ 45ಕ್ಕಿಂತ ಕಡಿಮೆ ಎಂದು ನೆಮ್ಮದಿಯಾಗಿರುವಂತಿಲ್ಲ. ನಿಜವಾದ ನೈಟ್ರೇಟ್ 88ರ ಹತ್ತಿರ ಇದೆ. ಹಸುಗೂಸುಗಳಿಗೆ ಇದು ಅಪಾಯ. ಹೊಟ್ಟೆಯಲ್ಲಿ ನೈಟ್ರೇಟ್ ಒಂದು ಆಕ್ಸಿಜನ್ ಕಳೆದುಕೊಂಡು ನೈಟ್ರೈಟ್ ಆಗುತ್ತದೆ, ಆ ನೈಟ್ರೈಟ್ ರಕ್ತದ ಹಿಮೋಗ್ಲೋಬಿನ್ನಿನ ಫೆರಸ್ ಕಬ್ಬಿಣವನ್ನು ಫೆರಿಕ್ ಆಗಿಸುತ್ತದೆ. ಫೆರಿಕ್ ಆದ ಹಿಮೋಗ್ಲೋಬಿನ್ ಆಕ್ಸಿಜನ್ ಹೊರುವುದಿಲ್ಲ, ಮಗುವಿನ ಮೈ ನೀಲಿಗಟ್ಟುತ್ತದೆ.

## ಮೈಲುತುತ್ತ ಮತ್ತು ಅದರೊಳಗಿನ ನೀರು

ಮಳೆಗಾಲಕ್ಕೆ ಮುಂಚೆ ಅಡಿಕೆಗೆ ಕೊಳೆರೋಗ ಬಾರದಂತೆ ಬೋರ್ಡೋ ದ್ರಾವಣ ಸಿಂಪಡಿಸುವ ಮಲೆನಾಡು, ಕರಾವಳಿಯ ಬೆಳೆಗಾರರಿಗೆ ಶೇ. 1ರ ಪ್ರಮಾಣ ಕಂಠಪಾಠ: ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, 100 ಲೀಟರ್ ನೀರು. ಮೈಲುತುತ್ತದ ಪೂರ್ತಿ ಹೆಸರು ಕಾಪರ್ (2) ಸಲ್ಫೇಟ್ ಪೆಂಟಾಹೈಡ್ರೇಟ್. ಸಲ್ಫೇಟ್ −2, ತಾಮ್ರ ಒಂದೇ, ಹಾಗಾಗಿ (2). ಆದರೆ ಅಯಾನಿಕ ಹೆಸರಿನ ಕೊನೆಯಲ್ಲಿ ‘ಪೆಂಟಾ’ ಹೇಗೆ ಬಂತು?

ಹರಳಿನಲ್ಲಿ ಒಂದೊಂದು ಕಾಪರ್ ಸಲ್ಫೇಟ್ ಘಟಕಕ್ಕೆ ಐದು ನೀರಿನ ಅಣುಗಳು ಸೇರಿಕೊಂಡಿವೆ. ನೀರಿಗೆ ಆವೇಶವಿಲ್ಲ, ಎಷ್ಟು ಅಣು ಸೇರಿವೆ ಎಂಬುದು ಆವೇಶದ ಲೆಕ್ಕದಿಂದ ಸಿಗುವುದಿಲ್ಲ. ಆದ್ದರಿಂದ ಹೇಳಲೇಬೇಕು. ಇದಕ್ಕೆ ತೂಕದ ಬೆಲೆಯೂ ಇದೆ. ನೀಲಿ ಹರಳಿನಲ್ಲಿ ತಾಮ್ರ ಶೇ. 25.5, ಕಿಲೋಗೆ ಸುಮಾರು 255 ಗ್ರಾಂ. ಹರಳನ್ನು ಕಾಯಿಸಿ ನೀರು ಹಾರಿಸಿದರೆ ಉಳಿಯುವ ಬಿಳಿ ಪುಡಿಯಲ್ಲಿ ಶೇ. 39.8, ಕಿಲೋಗೆ ಸುಮಾರು 398 ಗ್ರಾಂ. ಎರಡನ್ನೂ ‘ಕಾಪರ್ ಸಲ್ಫೇಟ್’ ಎಂದೇ ಕರೆದು ಒಂದೇ ಅಳತೆಯಲ್ಲಿ ಹಾಕಿದರೆ ತಾಮ್ರ ಒಂದೂವರೆ ಪಟ್ಟು ಹೆಚ್ಚಾಗಿ, ಅಷ್ಟೇ ಸುಣ್ಣಕ್ಕೆ ಅದನ್ನು ಹಿಡಿದಿಡಲು ಆಗದೆ ಎಳೆಕಾಯಿ, ಎಲೆ ಸುಡುತ್ತದೆ.

ತಾಮ್ರ ಹೆಚ್ಚಾಗಿದೆಯೇ ಎಂದು ನೋಡಲು ಬೆಳೆಗಾರರು ಕಬ್ಬಿಣದ ಚೂರಿಯನ್ನು ದ್ರಾವಣದಲ್ಲಿ ಅದ್ದುತ್ತಾರೆ. ಅಲಗಿನ ಮೇಲೆ ಕೆಂಪು ಲೇಪ ಕೂತರೆ ಸುಣ್ಣ ಸಾಲದು, ಇನ್ನಷ್ಟು ಸುಣ್ಣದ ತಿಳಿ ಹಾಕಬೇಕು. ಅಲಗಿನ ಕಬ್ಬಿಣ +2 ಅಯಾನಾಗಿ ಕರಗುತ್ತದೆ, ಅದು ಬಿಟ್ಟ ಎರಡು ಎಲೆಕ್ಟ್ರಾನನ್ನು ದ್ರಾವಣದ +2 ತಾಮ್ರ ತೆಗೆದುಕೊಂಡು ಲೋಹವಾಗಿ ಕೂರುತ್ತದೆ. ಹೆಸರಿನ ಬ್ರಾಕೆಟ್ಟಿನೊಳಗಿನ (2) ಕಣ್ಣೆದುರೇ (0) ಆಗುವ ಹೊತ್ತು ಅದು. ಬೋರ್ಡೋವನ್ನು ಕಬ್ಬಿಣದ ಪಾತ್ರೆಯಲ್ಲಿ ಕಲಸಬಾರದು ಎನ್ನುವುದೂ ಇದಕ್ಕೇ.

ಇದೇ ಲೆಕ್ಕದಲ್ಲಿ ಜಿಪ್ಸಂ ಕ್ಯಾಲ್ಸಿಯಂ ಸಲ್ಫೇಟ್ ಡೈಹೈಡ್ರೇಟ್, ಪ್ಲಾಸ್ಟರ್ ಆಫ್ ಪ್ಯಾರಿಸ್ ಹೆಮಿಹೈಡ್ರೇಟ್ (‘ಹೆಮಿ’ ಎಂದರೆ ಅರ್ಧ), ಬಟ್ಟೆ ಒಗೆಯುವ ಸೋಡಾ ಹರಳು ಸೋಡಿಯಂ ಕಾರ್ಬನೇಟ್ ಡೆಕಾಹೈಡ್ರೇಟ್.

## ಸಹವೇಲೆನ್ಸಿ ಹೆಸರು: ಎಣಿಸಿ ಹೇಳುವುದು

ಮೊನೊ, ಡೈ, ಟ್ರೈ, ಟೆಟ್ರಾ, ಪೆಂಟಾ, ಹೆಕ್ಸಾ, ಹೆಪ್ಟಾ, ಆಕ್ಟಾ, ನೋನಾ, ಡೆಕಾ. ಒಂದರಿಂದ ಹತ್ತರವರೆಗಿನ ಈ ಪದಗಳನ್ನು ಎರಡೂ ಧಾತುಗಳ ಹಿಂದೆ ಹಾಕಬೇಕು. ಎರಡನೆಯದಕ್ಕೆ ಎಂದಿನಂತೆ ‘ಐಡ್’. ಮೊದಲ ಧಾತು ಒಂದೇ ಇದ್ದರೆ ‘ಮೊನೊ’ ಬೇಡ. ಎರಡನೆಯದು ಒಂದೇ ಇದ್ದರೆ ಬೇಕು. ಆದ್ದರಿಂದ ಕಾರ್ಬನ್ ಮೊನಾಕ್ಸೈಡ್, ಆದರೆ ಮೊನೊಕಾರ್ಬನ್ ಅಲ್ಲ.

ಫಾಸ್ಫರಸ್ ಟ್ರೈಕ್ಲೋರೈಡ್, ಫಾಸ್ಫರಸ್ ಪೆಂಟಾಕ್ಲೋರೈಡ್, ವಿದ್ಯುತ್ ಸಬ್‌ಸ್ಟೇಷನ್ನುಗಳ ಸ್ವಿಚ್‌ಗೇರಿನಲ್ಲಿ ತುಂಬುವ ಸಲ್ಫರ್ ಹೆಕ್ಸಾಫ್ಲೋರೈಡ್ ಎಲ್ಲವೂ ಈ ಅಚ್ಚಿನವು. ಆಕ್ಸೈಡಿನ ಹಿಂದೆ ಬಂದಾಗ ಪೂರ್ವಪದದ ಕೊನೆಯ ಸ್ವರ ಬಿದ್ದುಹೋಗುತ್ತದೆ. ಪೆಂಟಾ, ಆಕ್ಸೈಡ್ ಸೇರಿ ಪೆಂಟಾಕ್ಸೈಡ್. ಸವರ್ಣದೀರ್ಘ ಸಂಧಿ ಕಲಿತವರಿಗೆ ಇದನ್ನು ಬೇರೆ ಹೇಳಬೇಕಿಲ್ಲ. ‘ಡೈ’ ಮತ್ತು ‘ಟ್ರೈ’ ಮಾತ್ರ ಹಾಗೇ ಉಳಿಯುತ್ತವೆ.

ವಾಯುಗುಣಮಟ್ಟದ ಫಲಕದಲ್ಲಿ ಕಾಣುವ ಕಾರ್ಬನ್ ಮೊನಾಕ್ಸೈಡ್, ನೈಟ್ರೋಜನ್ ಡೈಆಕ್ಸೈಡ್, ಸಲ್ಫರ್ ಡೈಆಕ್ಸೈಡ್ ಈ ಗುಂಪಿನವು. ಸಂಖ್ಯೆ ತಪ್ಪಿದರೆ ವಸ್ತುವೇ ಬದಲಾಗುತ್ತದೆ. ಕಾರ್ಬನ್ ಡೈಆಕ್ಸೈಡನ್ನು ನಾವು ಪ್ರತಿ ಉಸಿರಿನಲ್ಲೂ ಹೊರಬಿಡುತ್ತೇವೆ. ಕಿಟಕಿ ಇಲ್ಲದ ಬಚ್ಚಲಿನಲ್ಲಿ ಗ್ಯಾಸ್ ಗೀಸರ್ ಉರಿದಾಗ, ಗಾಳಿ ಸಾಲದೆ ಅರೆಬರೆ ಉರಿಯುವುದರಿಂದ ಹುಟ್ಟುವ ಮೊನಾಕ್ಸೈಡ್ ಮಾತ್ರ ವಾಸನೆಯಿಲ್ಲದೆ ಹಿಮೋಗ್ಲೋಬಿನ್ನಿಗೆ ಅಂಟಿಕೊಂಡು ಪ್ರಾಣ ತೆಗೆಯುತ್ತದೆ. ಎರಡು ನೈಟ್ರೋಜನ್, ಒಂದು ಆಕ್ಸಿಜನ್ ಇರುವ ಡೈನೈಟ್ರೋಜನ್ ಮೊನಾಕ್ಸೈಡ್ ಅರಿವಳಿಕೆಗೆ ಬಳಸುವ ಅನಿಲ; ಆಸ್ಪತ್ರೆಯಲ್ಲಿ ಅದಕ್ಕೆ ಹಳೆಯ ಹೆಸರು, ನೈಟ್ರಸ್ ಆಕ್ಸೈಡ್. ನೈಟ್ರೋಜನ್ ಡೈಆಕ್ಸೈಡ್ ಶ್ವಾಸಕೋಶವನ್ನು ಸುಡುವ ಕಂದು ಹೊಗೆ.

ಒಂದು ಸಲ್ಫರ್, ಮೂರು ಆಕ್ಸಿಜನ್ ಎಂದು ಕಂಡಾಗ ಆವೇಶದ ಗುರುತು ಇದೆಯೇ ಎಂದು ಎರಡು ಸಲ ನೋಡಬೇಕು. ಗುರುತಿಲ್ಲದಿದ್ದರೆ ಸಲ್ಫರ್ ಟ್ರೈಆಕ್ಸೈಡ್ ಎಂಬ ಸಹವೇಲೆನ್ಸಿ ಅಣು. −2 ಇದ್ದರೆ ಸಲ್ಫೈಟ್ ಅಯಾನು. ನೈಟ್ರೋಜನ್ ಡೈಆಕ್ಸೈಡ್ ಮತ್ತು ನೈಟ್ರೈಟ್ ಕೂಡ ಹೀಗೇ ಒಂದೇ ವೇಷದವು.

## ಹೈಡ್ರೋಜನ್, ಆಮ್ಲಗಳು

ಎರಡು ಹೈಡ್ರೋಜನ್, ಒಂದು ಸಲ್ಫರ್ ಇರುವ ಕೊಳೆತ ಮೊಟ್ಟೆ ವಾಸನೆಯ ಅನಿಲ ಸಹವೇಲೆನ್ಸಿಯದೇ. ಆದರೆ ರೂಢಿಯ ಹೆಸರು ಹೈಡ್ರೋಜನ್ ಸಲ್ಫೈಡ್. ‘ಡೈ’ ಹಾಕದಿದ್ದರೂ ಇಲ್ಲಿ ನಡೆಯುತ್ತದೆ, ಏಕೆಂದರೆ ಹೈಡ್ರೋಜನ್ ಒಂದು ಬಂಧವನ್ನಷ್ಟೇ ಕಟ್ಟುತ್ತದೆ ಮತ್ತು ಸಲ್ಫೈಡಿಗೆ ಎರಡು ಬೇಕು. ಲೆಕ್ಕ ಓದುವವರಿಗೇ ಸಿಗುತ್ತದೆ.

ನೀರಿನಲ್ಲಿ ಕರಗಿದಾಗ ಹೆಸರು ಬದಲಾಗುತ್ತದೆ. ಹೈಡ್ರೋಜನ್ ಕ್ಲೋರೈಡ್ ಅನಿಲ ನೀರಿನಲ್ಲಿ ಹೈಡ್ರೋಕ್ಲೋರಿಕ್ ಆಮ್ಲ. ಉಳಿದ ಆಮ್ಲಗಳಿಗೆ ಅಯಾನಿನ ಬಾಲವೇ ದಾರಿ ತೋರಿಸುತ್ತದೆ: ‘ಏಟ್’ ಇದ್ದದ್ದು ‘ಇಕ್’ ಆಮ್ಲ, ‘ಐಟ್’ ಇದ್ದದ್ದು ‘ಅಸ್’ ಆಮ್ಲ. ಸಲ್ಫೇಟಿನಿಂದ ಸಲ್ಫ್ಯೂರಿಕ್, ಸಲ್ಫೈಟಿನಿಂದ ಸಲ್ಫ್ಯೂರಸ್. ಫೆರಸ್-ಫೆರಿಕ್‌ನ ‘ಅಸ್-ಇಕ್’ ಲೋಹದ ಆವೇಶದ್ದು, ಇದು ಆಕ್ಸಿಜನ್ನಿನದು. ಎರಡನ್ನೂ ಬೆರೆಸಬಾರದು.

## ಗಡಿಯ ಮೇಲಿರುವವು

ಲೋಹ-ಅಲೋಹ ಎಂಬ ನಿಯಮ ಹೆಸರಿಡಲು ಸಾಕು, ಗುಣ ತಿಳಿಯಲು ಸಾಲದು. ಎಲೆಕ್ಟ್ರಾನನ್ನು ತನ್ನತ್ತ ಸೆಳೆಯುವ ಶಕ್ತಿಗೆ ಎಲೆಕ್ಟ್ರೋನೆಗೆಟಿವಿಟಿ ಎನ್ನುತ್ತಾರೆ. ಎರಡು ಧಾತುಗಳ ನಡುವೆ ಅದರ ವ್ಯತ್ಯಾಸ ಸುಮಾರು 1.7 ದಾಟಿದರೆ ಅಯಾನಿಕ ಎಂಬುದು ರೂಢಿಯ ಅಂದಾಜು. ಸೋಡಿಯಂ-ಕ್ಲೋರಿನ್ ನಡುವೆ 2.2; ಉಪ್ಪು ಕರಗಲು 801 ಡಿಗ್ರಿ ಸೆಲ್ಸಿಯಸ್ ಬೇಕು. ಅಲ್ಯೂಮಿನಿಯಂ-ಕ್ಲೋರಿನ್ ನಡುವೆ 1.55 ಮಾತ್ರ. ನೀರಿಲ್ಲದ ಅಲ್ಯೂಮಿನಿಯಂ ಕ್ಲೋರೈಡ್ 180 ಡಿಗ್ರಿಯ ಆಸುಪಾಸಿನಲ್ಲೇ ಆವಿಯಾಗುತ್ತದೆ, ಹೆಸರು ಅಯಾನಿಕ ಅಚ್ಚಿನದಾದರೂ. ಟಿನ್ (4) ಕ್ಲೋರೈಡ್ ಕೋಣೆಯ ತಾಪಮಾನದಲ್ಲಿ ದ್ರವ. ಈ ಅಂದಾಜೂ ಎಲ್ಲ ಕಡೆ ನಿಲ್ಲುವುದಿಲ್ಲ: ಹೈಡ್ರೋಜನ್ ಫ್ಲೋರೈಡಿನಲ್ಲಿ ವ್ಯತ್ಯಾಸ 1.78, ಆದರೂ ಅದು ಸಹವೇಲೆನ್ಸಿ ಅಣು.

ಪಾದರಸದ ಕಥೆ ಇನ್ನೂ ವಿಚಿತ್ರ. ಮರ್ಕ್ಯುರಿ (1) ಕ್ಲೋರೈಡಿನಲ್ಲಿ ಎರಡು ಪಾದರಸ ಪರಮಾಣುಗಳು ಒಂದಕ್ಕೊಂದು ಸಹವೇಲೆನ್ಸಿ ಬಂಧದಲ್ಲಿ ಕೂತು, ಜೋಡಿಯಾಗಿ +2 ಹೊತ್ತಿವೆ. ಹಾಗಾಗಿ ಅದರ ಸೂತ್ರವನ್ನು ಒಂದಕ್ಕೊಂದು ಎಂದು ಭಾಗಿಸಿ ಬರೆಯುವುದಿಲ್ಲ. ಎರಡು ಪಾದರಸ, ಎರಡು ಕ್ಲೋರಿನ್ ಎಂದೇ ಉಳಿಸುತ್ತಾರೆ. ಕ್ಯಾಲೊಮೆಲ್ ಎಂಬ ಹೆಸರಿನಲ್ಲಿ ಇದನ್ನು ಹಿಂದೆ ಭೇದಿ ಮಾಡಿಸುವ ಔಷಧವಾಗಿ ಕೊಡುತ್ತಿದ್ದರು. ಮರ್ಕ್ಯುರಿ (2) ಕ್ಲೋರೈಡ್ ನೀರಿನಲ್ಲಿ ಕರಗುವ ಘೋರ ವಿಷ. ಬ್ರಾಕೆಟ್ಟಿನ ಅಂಕಿಯನ್ನು ಬಳಕೆಗೆ ತಂದ ಸ್ಟಾಕ್ ಅವರೇ ಪ್ರಯೋಗಾಲಯದ ಪಾದರಸದ ಆವಿಯಿಂದ ವರ್ಷಗಟ್ಟಲೆ ನರಳಿದವರು.

## ಚೀಲದ ಮೇಲಿನ ಹೆಸರು ನಿಯಮ ಮೀರಿದಾಗ

1787ರಲ್ಲಿ ಗಿಟೋನ್ ದ ಮೊರ್ವೊ, ಲವಾಸಿಯೆ, ಬರ್ತೊಲೆ, ಫುರ್ಕ್ರುವಾ ಎಂಬ ನಾಲ್ವರು ಫ್ರೆಂಚರು ಸಂಯುಕ್ತದ ಹೆಸರಿನಲ್ಲಿ ಅದರ ಧಾತುಗಳೇ ಕಾಣಬೇಕು ಎಂಬ ಪದ್ಧತಿ ಹಾಕಿಕೊಟ್ಟರು. 1919ರಲ್ಲಿ ಹುಟ್ಟಿದ ರಸಾಯನಶಾಸ್ತ್ರದ ಅಂತರರಾಷ್ಟ್ರೀಯ ಒಕ್ಕೂಟ (ಐಯುಪಿಎಸಿ) ಇಂದಿಗೂ ನಿಯಮಗಳನ್ನು ತಿದ್ದುತ್ತಿದೆ. ಅಂಗಡಿಗೆ ಅವೆಲ್ಲ ಪೂರ್ತಿ ತಲುಪಿಲ್ಲ. ಬಣ್ಣದ ಡಬ್ಬಿಯ ಮೇಲೆ ಟೈಟಾನಿಯಂ ಡೈಆಕ್ಸೈಡ್, ಬ್ಯಾಟರಿ ಸೆಲ್ಲಿನಲ್ಲಿ ಮ್ಯಾಂಗನೀಸ್ ಡೈಆಕ್ಸೈಡ್ ಎಂದೇ ಇರುತ್ತದೆ. ತರಗತಿಯಲ್ಲಿ ಕಲಿಸುವ ಪದ್ಧತಿಯಂತೆ ಅವು ಟೈಟಾನಿಯಂ (4) ಆಕ್ಸೈಡ್, ಮ್ಯಾಂಗನೀಸ್ (4) ಆಕ್ಸೈಡ್. ಅಡುಗೆ ಸೋಡಾದ ‘ಬೈಕಾರ್ಬನೇಟ್’ನಲ್ಲಿ ಎರಡು ಕಾರ್ಬನೇಟ್ ಇಲ್ಲ, ಅದು ಸೋಡಿಯಂ ಹೈಡ್ರೋಜನ್ ಕಾರ್ಬನೇಟ್.

ಗೊಬ್ಬರದ ಡಿಎಪಿ, ಅಂದರೆ ಡೈಅಮೋನಿಯಂ ಫಾಸ್ಫೇಟಿನಲ್ಲಿ ‘ಡೈ’ ಬರಲು ಕಾರಣವಿದೆ. ಫಾಸ್ಫೇಟಿನ ಮೂರು ಋಣವನ್ನು ಅಮೋನಿಯಂ ಒಂದೇ ತುಂಬಿಲ್ಲ. ಒಂದು ಹೈಡ್ರೋಜನ್ ಕೂಡ ಪಾಲು ತೆಗೆದುಕೊಂಡಿದೆ. ಪೂರ್ತಿ ಹೆಸರು ಡೈಅಮೋನಿಯಂ ಹೈಡ್ರೋಜನ್ ಫಾಸ್ಫೇಟ್. ಮಾರುಕಟ್ಟೆ ನಡುವಿನ ಹೈಡ್ರೋಜನ್ನನ್ನು ಕೈಬಿಟ್ಟಿದೆ. ಅದನ್ನು ಬಿಟ್ಟ ಮೇಲೆ ‘ಡೈ’ ಇಲ್ಲದಿದ್ದರೆ ಒಂದು ಅಮೋನಿಯಂ ಇರುವ ಎಂಎಪಿ (ಮೊನೊಅಮೋನಿಯಂ ಫಾಸ್ಫೇಟ್) ಯಾವುದು, ಎರಡಿರುವುದು ಯಾವುದು ಎಂದು ತಿಳಿಯುತ್ತಿರಲಿಲ್ಲ. ಎಂಒಪಿ ಎಂಬ ಮ್ಯೂರಿಯೇಟ್ ಆಫ್ ಪೊಟ್ಯಾಷ್ ಬೇರೇನಲ್ಲ, ಪೊಟ್ಯಾಸಿಯಂ ಕ್ಲೋರೈಡ್; ಹೈಡ್ರೋಕ್ಲೋರಿಕ್ ಆಮ್ಲದ ಹಳೆಯ ಹೆಸರು ಮ್ಯೂರಿಯಾಟಿಕ್ ಆಮ್ಲ.

ಡಿಎಪಿ ಚೀಲದ 18:46ರಲ್ಲಿ 18 ನೈಟ್ರೋಜನ್ನಿನ ಶೇಕಡಾವಾರು. 46 ಮಾತ್ರ ಫಾಸ್ಫರಸ್ಸಿನದಲ್ಲ, ಎರಡು ಫಾಸ್ಫರಸ್ಸಿಗೆ ಐದು ಆಕ್ಸಿಜನ್ ಇರುವ ಪೆಂಟಾಕ್ಸೈಡಿನ ಲೆಕ್ಕ. ಅಂಥ ಆಕ್ಸೈಡ್ ಚೀಲದಲ್ಲಿ ಒಂದು ಕಾಳೂ ಇಲ್ಲ. ಹಳೆಯ ವಿಶ್ಲೇಷಣೆಯ ರೂಢಿ ಹಾಗೇ ಉಳಿದಿದೆ. ಫಾಸ್ಫರಸ್ ತಿಳಿಯಬೇಕಾದರೆ 0.44ರಿಂದ ಗುಣಿಸಬೇಕು. 50 ಕಿಲೋ ಚೀಲದಲ್ಲಿ ನೈಟ್ರೋಜನ್ 9 ಕಿಲೋ, ಪೆಂಟಾಕ್ಸೈಡ್ ಲೆಕ್ಕದಲ್ಲಿ 23 ಕಿಲೋ, ನಿಜವಾದ ಫಾಸ್ಫರಸ್ ಸುಮಾರು 10 ಕಿಲೋ. ಎಂಒಪಿಯ 60 ಕೂಡ ಪೊಟ್ಯಾಸಿಯಂ ಆಕ್ಸೈಡ್ ಲೆಕ್ಕದ್ದು, 0.83ರಿಂದ ಗುಣಿಸಿದರೆ ಪೊಟ್ಯಾಸಿಯಂ ಶೇ. 50ರಷ್ಟು.

ಪಕ್ಕದಲ್ಲಿರುವ ಯೂರಿಯಾ ಚೀಲಕ್ಕೆ ಈ ಯಾವ ನಿಯಮವೂ ಅನ್ವಯಿಸುವುದಿಲ್ಲ. ಅದು ಕಾರ್ಬನ್, ಆಕ್ಸಿಜನ್, ನೈಟ್ರೋಜನ್, ಹೈಡ್ರೋಜನ್ ಸೇರಿದ ಸಹವೇಲೆನ್ಸಿ ಅಣು. ಆದರೆ ಸಾವಯವ ಸಂಯುಕ್ತಗಳಲ್ಲಿ ಪರಮಾಣುಗಳನ್ನು ಎಣಿಸಿದರೆ ಸಾಲದು, ಯಾವುದು ಯಾವುದಕ್ಕೆ ಅಂಟಿದೆ ಎಂದೂ ಹೇಳಬೇಕು. ಅವುಗಳ ಹೆಸರಿಗೆ ಬೇರೆಯದೇ ನಿಯಮಾವಳಿ ಇದೆ. ಯೂರಿಯಾದ 46 ಮಾತ್ರ ನೇರ ಲೆಕ್ಕ: ಅಣುತೂಕ 60, ಅದರಲ್ಲಿ ಎರಡು ನೈಟ್ರೋಜನ್ನಿನ ತೂಕ 28, ಅಂದರೆ ಶೇ. 46.7. ತುಸು ತೇವ, ಕಲ್ಮಶ ಕಳೆದು 46 ಎಂದು ಅಚ್ಚು ಹಾಕುತ್ತಾರೆ. 45 ಕಿಲೋ ಚೀಲದಲ್ಲಿ ನೈಟ್ರೋಜನ್ 20.7 ಕಿಲೋ.